ಮೂರು ಶನಿವಾರ, ಮೂವತ್ತು ಗೋಲು: ಡಾರ್ವೆನ್ ತಂಡದ ಕೊನೆಯ ಲೀಗ್ ವರ್ಷ

ಶನಿವಾರ ರಾತ್ರಿ ನಮ್ಮ ಮನೆಗಳಲ್ಲಿ ಟಿವಿ ರಿಮೋಟ್ ಯಾರ ಕೈಯಲ್ಲಿರುತ್ತದೆ ಅಂತ ಕೇಳುವುದೇ ಬೇಡ. ಚಳಿಗಾಲದಲ್ಲಿ ಇಲ್ಲಿ ಎಂಟೂವರೆ, ದುಬೈಯಲ್ಲಿರುವ ಮಗನಿಗೆ ಏಳು, ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರು ಗಂಟೆ. ಊಟ ಆರಿದರೂ ಮಕ್ಕಳು ಏಳುವುದಿಲ್ಲ. ಫೋನಿನ ಆ ಕಡೆ ಒಬ್ಬ ಲಿವರ್‌ಪೂಲ್ ಅಂತಾನೆ, ಈ ಕಡೆ ಇನ್ನೊಬ್ಬ ಸಿಟಿ ಅಂತಾನೆ.

ಈ ಶನಿವಾರ ಮೂರು ಗಂಟೆಯ ಲೆಕ್ಕ ಎಲ್ಲಿಂದ ಬಂತು ಗೊತ್ತೇ? ಬಟ್ಟೆ ಗಿರಣಿಗಳಿಂದ. 1850ರ ಫ್ಯಾಕ್ಟರಿ ಕಾನೂನು ಬಂದ ಮೇಲೆ ಇಂಗ್ಲೆಂಡಿನ ಮಿಲ್ಲುಗಳಲ್ಲಿ ಹೆಂಗಸರು, ಮಕ್ಕಳು ಶನಿವಾರ ಎರಡು ಗಂಟೆಯ ನಂತರ ದುಡಿಯುವಂತಿರಲಿಲ್ಲ. ಅವರಿಲ್ಲದೆ ಮಗ್ಗ ಓಡುತ್ತದೆಯೇ? ಗಂಡಸರಿಗೂ ಅರ್ಧ ದಿನ ರಜೆ ಸಿಕ್ಕಿತು. ಮಿಲ್ಲಿನ ಗೇಟಿನಿಂದ ಹೊರಬಂದವರು ಒಂದಿಷ್ಟು ತಿಂದು ಮೈದಾನಕ್ಕೆ ನಡೆಯುವಷ್ಟರಲ್ಲಿ ಮೂರಾಗುತ್ತಿತ್ತು. ನಾವು ಈ ವಾರ ಹೇಳಹೊರಟಿರುವುದು ಅಂಥದ್ದೇ ಒಂದು ಮಿಲ್ಲಿನೂರಿನ ತಂಡದ ಕತೆ. ಟಿವಿ ಮುಂದೆ ಕೂತ ನಮ್ಮ ಹುಡುಗರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಅದರ ಹೆಸರೇ ಕೇಳಿರಲಿಕ್ಕಿಲ್ಲ.

ಊರಿನ ಹೆಸರು ಡಾರ್ವೆನ್. ಲಂಕಾಷೈರ್‌ನಲ್ಲಿ, ಬ್ಲ್ಯಾಕ್‌ಬರ್ನ್‌ಗೂ ಬೋಲ್ಟನ್‌ಗೂ ನಡುವೆ ಗುಡ್ಡದ ಸಂದಿಯಲ್ಲಿದೆ. ಅಲ್ಲಿನ ದೊಡ್ಡ ಗಿರಣಿಯ ಹೆಸರು ಇಂಡಿಯಾ ಮಿಲ್. ಮುನ್ನೂರು ಅಡಿಗೂ ಎತ್ತರದ ಅದರ ಹೊಗೆಗೂಡು 1867ರಿಂದ ಇಂದಿನವರೆಗೂ ಹಾಗೇ ನಿಂತಿದೆ. ಆ ಭಾಗದ ಮಗ್ಗಗಳಲ್ಲಿ ನೇಯ್ದ ಧೋತರಗಳು ಹಡಗು ಹತ್ತಿ ನಮ್ಮ ದೇಶಕ್ಕೆ ಬರುತ್ತಿದ್ದವು. ನಮ್ಮ ಅಜ್ಜಂದಿರು ಉಟ್ಟದ್ದರಲ್ಲಿ ಅಲ್ಲಿನ ನೂಲೂ ಇದ್ದೀತು.

ಡಾರ್ವೆನ್ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1870ರಲ್ಲಿ. ಆಗ ಫುಟ್‌ಬಾಲ್ ಅಂದರೆ ದೊಡ್ಡ ಶಾಲೆಗಳಲ್ಲಿ ಓದಿದ ಶ್ರೀಮಂತರ ಆಟ. ಆಟಕ್ಕೆ ಕಾಸು ತೆಗೆದುಕೊಳ್ಳುವುದು ಅವರ ಕಣ್ಣಿಗೆ ಕೀಳು. ತೆಗೆದುಕೊಳ್ಳದೆ ಆಡಲು ಅವರಿಗೇನು ಕಷ್ಟ, ಮನೆಯಲ್ಲಿ ಬೇಕಾದಷ್ಟಿತ್ತು. ಮಿಲ್ಲಿನವನಿಗೆ ಒಂದು ದಿನದ ಆಟ ಅಂದರೆ ಒಂದು ದಿನದ ಕೂಲಿ ಹೋದ ಹಾಗೆ. 1878ರಲ್ಲಿ ಸ್ಕಾಟ್ಲೆಂಡಿನಿಂದ ಫರ್ಗಸ್ ಸೂಟರ್ ಎಂಬ ಕಲ್ಲುಕುಟಿಗ ಡಾರ್ವೆನ್‌ಗೆ ಬಂದ. ಜೇಮ್ಸ್ ಲವ್ ಎಂಬ ಇನ್ನೊಬ್ಬ ಸ್ಕಾಟ್ ಕೂಡ ಬಂದ. ಲಂಕಾಷೈರ್‌ನ ಕಲ್ಲು ಬಹಳ ಗಟ್ಟಿ, ಕೈಗೆ ಹತ್ತುತ್ತಿಲ್ಲ ಅಂತ ಸೂಟರ್ ಉಳಿ ಕೆಳಗಿಟ್ಟನಂತೆ. ಆಮೇಲೆ ಹೊಟ್ಟೆಪಾಡು ಹೇಗೆ ನಡೆಯಿತು ಅಂತ ಊರಲ್ಲಿ ಯಾರೂ ಜೋರಾಗಿ ಕೇಳಲಿಲ್ಲ. ದುಡ್ಡು ಪಡೆದು ಆಡಿದ ಮೊದಲಿಗರಲ್ಲಿ ಈ ಇಬ್ಬರನ್ನು ಇಂದು ಎಣಿಸುತ್ತಾರೆ. ಕೆಲವು ವರ್ಷದ ಹಿಂದೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದಿ ಇಂಗ್ಲಿಷ್ ಗೇಮ್' ಧಾರಾವಾಹಿಯ ನಾಯಕ ಇದೇ ಸೂಟರ್.

1879ರ ಎಫ್.ಎ. ಕಪ್‌ನಲ್ಲಿ ಡಾರ್ವೆನ್‌ಗೆ ಎದುರಾದದ್ದು ಓಲ್ಡ್ ಎಟೋನಿಯನ್ಸ್, ಅಂದರೆ ಈಟನ್ ಶಾಲೆಯ ಹಳೆ ವಿದ್ಯಾರ್ಥಿಗಳು. ಲಂಡನ್ನಿನಲ್ಲಿ ಆಟ. ಒಂದು ಹಂತದಲ್ಲಿ 5-1ರಿಂದ ಹಿಂದಿದ್ದ ಮಿಲ್ಲಿನ ಹುಡುಗರು ಕೊನೆಗೆ 5-5 ಮಾಡಿದರು! ಹೆಚ್ಚುವರಿ ಸಮಯ ಆಡೋಣ ಅಂದರೆ ಸಾಹೇಬರು ಒಪ್ಪಲಿಲ್ಲ. ಮತ್ತೆ ಲಂಡನ್ನಿಗೆ ಹೋಗಬೇಕು, ರೈಲಿಗೆ ಕಾಸಿಲ್ಲ. ಊರವರು ಚಂದಾ ಎತ್ತಿದರು. ಎರಡನೇ ಆಟ 2-2. ಮೂರನೇ ಸಲಕ್ಕೆ ಕಾಲು ಸೋತಿತು, 6-2ರಿಂದ ಹೊರಬಿದ್ದರು. ಎರಡು ವರ್ಷ ಬಿಟ್ಟು ಸೆಮಿಫೈನಲ್‌ವರೆಗೂ ಹೋದರು.

ಅಷ್ಟರಲ್ಲಿ ಸೂಟರ್ ಡಾರ್ವೆನ್‌ನಲ್ಲಿರಲಿಲ್ಲ. 1880ರಲ್ಲಿ ಪಕ್ಕದ ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ ಹೋಗಿದ್ದ. ಊರು ಕೊತಕೊತ ಕುದಿಯಿತು. ಆದರೆ ಯಾರನ್ನು ಬೈಯುವುದು ಹೇಳಿ? ಹೊರಗಿನವನನ್ನು ಕರೆತಂದು ಆಡಿಸುವ ದಾರಿ ತೋರಿಸಿದ್ದೇ ಡಾರ್ವೆನ್. ಅದೇ ದಾರಿಯಲ್ಲಿ ಇನ್ನೊಬ್ಬರು ಬಂದು ಅವನನ್ನು ಕರೆದುಕೊಂಡು ಹೋದರು. ಸೂಟರ್ ರೋವರ್ಸ್ ಪರ 1884, 1885, 1886ರಲ್ಲಿ ಸಾಲಾಗಿ ಮೂರು ಕಪ್ ಗೆದ್ದ. 1885ರಲ್ಲಿ ಸಂಬಳದ ಆಟ ಕಾನೂನುಬದ್ಧವೂ ಆಯಿತು.

1891ರಲ್ಲಿ ಡಾರ್ವೆನ್ ಲೀಗ್‌ಗೆ ಸೇರಿತು. ಮೊದಲ ವರ್ಷವೇ ಕೊನೆಯ ಸ್ಥಾನ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಎದುರು 12-0 ಸೋಲು. ಮೇಲಿನ ಡಿವಿಜನ್ನಿನಲ್ಲಿ ಅದಕ್ಕಿಂತ ದೊಡ್ಡ ಅಂತರದ ಸೋಲು ಇಂದಿಗೂ ಇಲ್ಲ. 1892ರಲ್ಲಿ ಎರಡನೇ ಡಿವಿಜನ್ ಶುರುವಾದಾಗ ಅಲ್ಲಿಗೆ ಇಳಿಯಿತು, ಮರುವರ್ಷ ಮೇಲೆ ಹತ್ತಿತು, ಒಂದೇ ವರ್ಷಕ್ಕೆ ಮತ್ತೆ ಇಳಿಯಿತು. ಆಮೇಲೆ ಎರಡನೇ ಡಿವಿಜನ್ನೇ ಮನೆಯಾಯಿತು.

ಈಗ 1898-99ರ ಸೀಸನ್ನಿಗೆ ಬರೋಣ. ಹದಿನೆಂಟು ತಂಡ, ತಲಾ 34 ಆಟ. ಯಾರ್‍ಯಾರಿದ್ದರು ನೋಡಿ: ಮ್ಯಾಂಚೆಸ್ಟರ್ ಸಿಟಿ, ನ್ಯೂಟನ್ ಹೀತ್, ಅಂದರೆ ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಆದ ತಂಡ, ವೂಲ್‌ವಿಚ್ ಆರ್ಸೆನಲ್, ಇಂದಿನ ಆರ್ಸೆನಲ್. ನಮ್ಮ ಹುಡುಗರ ಜರ್ಸಿಗಳ ಪೈಕಿ ಮೂರು ಆ ವರ್ಷ ಎರಡನೇ ಡಿವಿಜನ್ನಿನಲ್ಲೇ ಇದ್ದವು. ಇವುಗಳ ಜತೆ ಡಾರ್ವೆನ್ ಸರಿಸಮನಾಗಿ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಮಾತ್ರ.

1898ರ ಡಿಸೆಂಬರ್ 24, ಕ್ರಿಸ್ಮಸ್ ಹಿಂದಿನ ದಿನ. ನ್ಯೂಟನ್ ಹೀತ್ ಮೈದಾನದಲ್ಲಿ 9-0. ಫೆಬ್ರವರಿ 18ರಂದು ಮ್ಯಾಂಚೆಸ್ಟರ್ ಸಿಟಿ 10-0. ವೇಲ್ಸ್‌ನ ಹೆಸರಾಂತ ಬಿಲ್ಲಿ ಮೆರಿಡಿತ್ ಇದ್ದ ಸಿಟಿ ಆ ವರ್ಷದ ಚಾಂಪಿಯನ್ ತಂಡ, ಅವರ ಕೈಯಲ್ಲಿ ಹತ್ತು ತಿಂದರೆ ಹೋಗಲಿ ಬಿಡಿ ಅನ್ನಬಹುದು. ಆದರೆ ಮಾರ್ಚ್ 4ರಂದು ವಾಲ್ಸಾಲ್‌ನಲ್ಲಿ ಮತ್ತೆ 10-0. ಏಪ್ರಿಲ್ 1ರಂದು ಲಫ್‌ಬರೋದಲ್ಲಿ ಇನ್ನೊಂದು 10-0. ಈ ಲಫ್‌ಬರೋ ಅಂಥ ದೊಡ್ಡ ತಂಡವೇನಲ್ಲ ಮಾರಾಯ್ರೇ, ಪಟ್ಟಿಯ ಕೆಳಗೆ ಡಾರ್ವೆನ್‌ನ ಪಕ್ಕದಲ್ಲೇ ಒದ್ದಾಡುತ್ತಿದ್ದದ್ದು! ಸರಿಯಾಗಿ ಆರು ವಾರಗಳೊಳಗೆ ಮೂರು ಶನಿವಾರ, ಮೂವತ್ತು ಗೋಲು. ಏಪ್ರಿಲ್ 15ಕ್ಕೆ ಗ್ರಿಮ್ಸ್‌ಬಿಯಲ್ಲಿ 9-2. ಎರಡು ಗೋಲು ಹೊಡೆದದ್ದೇ ಸಮಾಧಾನ ಅನ್ನಬೇಕು.

ಆಗ ಬದಲಿ ಆಟಗಾರನ ಪದ್ಧತಿ ಇರಲಿಲ್ಲ. ಒಬ್ಬನ ಕಾಲು ಮುರಿದರೆ ಹತ್ತೇ ಜನ, ಇಬ್ಬರು ಬಿದ್ದರೆ ಒಂಬತ್ತು. ಚರ್ಮದ ಚೆಂಡು ಮಳೆ ನೀರು ಕುಡಿದು ಕಲ್ಲಾಗುತ್ತಿತ್ತು. ಆರನೇ ಗೋಲು ಬಿದ್ದ ಮೇಲೆ ಏಳನೆಯದಕ್ಕೆ ಸೆಂಟರಿನಿಂದ ಚೆಂಡು ಎತ್ತಿಡುವಾಗ ಆ ಹನ್ನೊಂದು ಜನ ಏನು ಮಾತಾಡಿಕೊಂಡಿದ್ದಾರು? ಮೈದಾನದಲ್ಲಿ ಒಮ್ಮೆಯಾದರೂ ದೊಡ್ಡ ಅಂತರದಲ್ಲಿ ಸೋತವರಿಗೆ ಅದು ಗೊತ್ತಿರುತ್ತದೆ. ಮಾತೇ ಇರುವುದಿಲ್ಲ.

ಸೀಸನ್ ಮುಗಿದಾಗ ಲೆಕ್ಕ ಹೀಗಿತ್ತು: ಗೆಲುವು 2, ಡ್ರಾ 5, ಸೋಲು 27. ಗೆದ್ದರೆ ಎರಡು ಪಾಯಿಂಟಿನ ಕಾಲ, ಒಟ್ಟು 9 ಪಾಯಿಂಟು. ಹೊಡೆದ ಗೋಲು 22, ತಿಂದದ್ದು 141. ಒಂದು ಸೀಸನ್ನಿನಲ್ಲಿ ಅಷ್ಟು ಗೋಲು ತಿಂದ ತಂಡ ಇಂಗ್ಲಿಷ್ ಲೀಗ್‌ನಲ್ಲಿ ಆಮೇಲೆ ಬಂದಿಲ್ಲ. ಒಂದರ ಹಿಂದೊಂದು 18 ಆಟ ಸೋತದ್ದೂ ಆ ವರ್ಷವೇ.

ಈ 141ನ್ನು ಬಿಡಿಸಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಪರ ಊರಿನ 17 ಆಟಗಳಲ್ಲಿ 109, ಸ್ವಂತ ಊರಿನ 17 ಆಟಗಳಲ್ಲಿ ಬರೀ 32. ತಮ್ಮ ಬಾರ್ಲಿ ಬ್ಯಾಂಕ್ ಮೈದಾನದಲ್ಲಿ, ನೆರೆಹೊರೆಯವರ ಕಣ್ಣೆದುರು ಒಂದು ಆಟಕ್ಕೆ ಎರಡು ಗೋಲೂ ಪೂರ್ತಿ ಬೀಳಲಿಲ್ಲ. ಗೆದ್ದ ಎರಡೂ ಅಲ್ಲೇ. ರೈಲು ಹತ್ತಿ ಹೊರಗೆ ಹೋದರೆ ಸರಾಸರಿ ಆರಕ್ಕೂ ಹೆಚ್ಚು. ಹಾಗಾಗಿ ಈ ತಂಡಕ್ಕೆ ಆಟವೇ ಬರುತ್ತಿರಲಿಲ್ಲ ಅಂತ ನಗುವವರ ಜತೆ ನಾವಿಲ್ಲ.

ಹಾಗಾದರೆ ಆದದ್ದೇನು? ಉತ್ತರ ಅದೇ ಪಟ್ಟಿಯ ಮೇಲ್ತುದಿಯಲ್ಲಿದೆ. ಸಿಟಿಯ ಹಿಂದೆ ಎರಡನೆಯದಾಗಿ ಬಂದು ಮೊದಲ ಡಿವಿಜನ್ನಿಗೆ ಏರಿದ್ದು ಗ್ಲಾಸಪ್ ನಾರ್ತ್ ಎಂಡ್. ಅದೂ ಹತ್ತಿ ಗಿರಣಿಯ ಊರು, ಡಾರ್ವೆನ್‌ಗಿಂತ ಸಣ್ಣದು. ಇಂಗ್ಲೆಂಡಿನ ಮೇಲಿನ ಡಿವಿಜನ್ನಿನಲ್ಲಿ ಅಷ್ಟು ಸಣ್ಣ ಊರಿನ ತಂಡ ಇನ್ನೊಂದು ಆಡಿಲ್ಲ. ವ್ಯತ್ಯಾಸ ಒಂದೇ. ಗ್ಲಾಸಪ್‌ಗೆ ಸ್ಯಾಮ್ಯುಯೆಲ್ ಹಿಲ್-ವುಡ್ ಎಂಬ ಗಿರಣಿ ಮಾಲೀಕ ಇದ್ದ, ಕಿಸೆಯಿಂದ ಸುರಿಯುತ್ತಿದ್ದ. ಅದೇ ವರ್ಷ ಹೊಸದಾಗಿ ಸೇರಿದ ನ್ಯೂ ಬ್ರೈಟನ್ ಟವರ್ ಅಂತೂ ಸಮುದ್ರ ದಂಡೆಯ ಮೋಜಿನ ಕಂಪೆನಿಯೊಂದು ಚಳಿಗಾಲದಲ್ಲಿ ಮೈದಾನ ಖಾಲಿ ಬೀಳಬಾರದು ಅಂತ ಕಟ್ಟಿಸಿದ ತಂಡ. ಡಾರ್ವೆನ್‌ಗೆ ಅಂಥ ಸಾಹುಕಾರ ಸಿಗಲಿಲ್ಲ. ಇದ್ದದ್ದು ಊರವರ ಗೇಟಿನ ಕಾಸು. ಅದರಲ್ಲೂ ಒಂದು ಕಡೆ ಬ್ಲ್ಯಾಕ್‌ಬರ್ನ್ ರೋವರ್ಸ್, ಇನ್ನೊಂದು ಕಡೆ ಬೋಲ್ಟನ್ ವಾಂಡರರ್ಸ್. ಒಳ್ಳೆಯ ಆಟ ನೋಡಬೇಕೆನ್ನುವವನಿಗೆ ರೈಲಿನಲ್ಲಿ ಹೆಚ್ಚು ದೂರವೇನಿಲ್ಲ. ಸಂಬಳದ ಆಟಕ್ಕೆ ಬಾಗಿಲು ತೆರೆದ ಊರಿಗೆ ಇಪ್ಪತ್ತು ವರ್ಷದಲ್ಲಿ ಒಳ್ಳೆಯ ಹನ್ನೊಂದು ಜನಕ್ಕೆ ಸಂಬಳ ಕೊಡುವ ತಾಕತ್ತು ಉಳಿಯಲಿಲ್ಲ ಅಂತಲೇ ನಮಗೆ ತೋರುತ್ತದೆ.

1899ರ ಬೇಸಗೆಯಲ್ಲಿ ಡಾರ್ವೆನ್ ಲೀಗ್‌ನಿಂದ ಹೊರಬಿತ್ತು. ಮತ್ತೆಂದೂ ಮರಳಲಿಲ್ಲ. ಅವರಿಗೆ ಹತ್ತು ಹೊಡೆದ ಲಫ್‌ಬರೋ ಮರುವರ್ಷ ಆರ್ಸೆನಲ್ ಕೈಯಲ್ಲಿ 12-0 ಸೋತು, ಒಟ್ಟು ನೂರು ಗೋಲು ತಿಂದು, ಒಂದೇ ಒಂದು ಆಟ ಗೆದ್ದು, ಅದೂ ಹೊರಗೆ ಹೋಯಿತು. ನ್ಯೂ ಬ್ರೈಟನ್ ಟವರ್ 1901ರಲ್ಲಿ ಮುಚ್ಚಿತು.

ಡಾರ್ವೆನ್ ಮುಚ್ಚಲಿಲ್ಲ. ಆಂಕರ್ ಗ್ರೌಂಡ್ ಎಂಬ ಹೊಸ ಮೈದಾನಕ್ಕೆ ಹೋಗಿ, ಲಂಕಾಷೈರ್‌ನ ಸಣ್ಣ ಲೀಗ್‌ನಲ್ಲಿ ಆಡುತ್ತ ಉಳಿಯಿತು. 1931ರ ಸೆಪ್ಟೆಂಬರಿನಲ್ಲಿ ಆ ಊರಿಗೆ ನಮ್ಮ ದೇಶದಿಂದ ಒಬ್ಬ ಅತಿಥಿ ಬಂದರು, ಗಾಂಧೀಜಿ. ದುಂಡುಮೇಜಿನ ಸಭೆಗೆ ಲಂಡನ್ನಿಗೆ ಹೋದವರು ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರನ್ನು ಕಣ್ಣಾರೆ ನೋಡಬೇಕೆಂದು ಲಂಕಾಷೈರ್‌ಗೆ ಬಂದು, ಡಾರ್ವೆನ್‌ನ ಸ್ಪ್ರಿಂಗ್ ವೇಲ್‌ನಲ್ಲಿ ತಂಗಿದ್ದರು. ನಗುತ್ತ ಕೈಯೆತ್ತಿ ಜೈಕಾರ ಹಾಕುವ ಮಿಲ್ಲಿನ ಹೆಂಗಸರ ನಡುವೆ ಅವರು ಹೊದ್ದುಕೊಂಡು ನಿಂತ ಫೋಟೊ ನೀವು ನೋಡಿರುತ್ತೀರಿ. ಅದು ಅಲ್ಲಿಯದೇ.

ಆಮೇಲೆ ನಾಲ್ಕು ತಿಂಗಳೂ ಕಳೆದಿರಲಿಲ್ಲ. 1932ರ ಜನವರಿ 9ರಂದು ಎಫ್.ಎ. ಕಪ್‌ನಲ್ಲಿ ಡಾರ್ವೆನ್‌ಗೆ ಆರ್ಸೆನಲ್ ಎದುರು ಆಡುವ ಭಾಗ್ಯ ಬಂತು. ಲಂಡನ್ನಿನ ಹೈಬರಿ ಮೈದಾನದಲ್ಲಿ 11-1. ಆ ದಿನ ಆರ್ಸೆನಲ್‌ನ ಅಧ್ಯಕ್ಷ ಯಾರು ಗೊತ್ತೇ? ಅದೇ ಸ್ಯಾಮ್ಯುಯೆಲ್ ಹಿಲ್-ವುಡ್, ಗ್ಲಾಸಪ್‌ನ ಗಿರಣಿ ಮಾಲೀಕ.

2009ರಲ್ಲಿ ಸಾಲ ತೀರಿಸಲಾಗದೆ ಹಳೆಯ ಡಾರ್ವೆನ್ ಕ್ಲಬ್ ಮುಚ್ಚಿತು. ಅದೇ ವರ್ಷ ಎ.ಎಫ್.ಸಿ. ಡಾರ್ವೆನ್ ಅಂತ ಹೊಸ ತಂಡ ಕಟ್ಟಿ, ಅದೇ ಆಂಕರ್ ಗ್ರೌಂಡಿನಲ್ಲಿ ಆಡಲು ಇಳಿದರು.