ಬಚ್ಚಲಿಗೆ ಮರಳಿದ ಬೆಂಕಿ

ನರಕ ಚತುರ್ದಶಿಯ ಹಿಂದಿನ ಸಂಜೆ ‘ನೀರು ತುಂಬುವ ಹಬ್ಬ’. ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಹೊಸ ನೀರು ತುಂಬಿ ಪೂಜಿಸುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಹಂಡೆಯೇ ಇಲ್ಲದ ಫ್ಲ್ಯಾಟುಗಳಲ್ಲಿ ಗೀಸರಿಗೇ ಅರಿಶಿನ, ಕುಂಕುಮ ಹಚ್ಚಿ ಹಬ್ಬ ಮುಗಿಸುವವರೂ ಉಂಟು. ಆ ಗೀಸರು ಎಷ್ಟೋ ಮನೆಗಳಲ್ಲಿ ಕರೆಂಟು ಬಿಟ್ಟು ಗ್ಯಾಸಿಗೆ ತಿರುಗಿದೆ. ನಮ್ಮಲ್ಲಿ ಕೋಣೆ ಕಾಯಿಸುವ ಪ್ರಮೇಯವಿಲ್ಲ. ಕಾಯಬೇಕಾದದ್ದು ಸ್ನಾನದ ನೀರು. ಅದರ ಖರ್ಚು ಇಳಿಸಲು ಹೊರಟವರು ಗೀಸರಿನ ಬೆಲೆ ಕೇಳುತ್ತಾರೆ, ಗೋಡೆಯ ಕಿಂಡಿಯ ವಿಚಾರ ಕೇಳುವುದಿಲ್ಲ.

ಹಳೆಯ ಬಚ್ಚಲಿಗೆ ಕಿಂಡಿಯ ಕೊರತೆ ಇರಲಿಲ್ಲ. ಹಂಡೆಯೊಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಗೋಡೆಯಾಚೆ, ಹಿತ್ತಲ ಕಡೆಗೆ ಇರುತ್ತಿತ್ತು. ಉರಿಸುತ್ತಿದ್ದದ್ದು ತೆಂಗಿನ ಗರಿ, ಮಟ್ಟೆ, ಕರಟ, ಅಡಿಕೆ ಸಿಪ್ಪೆ. ಹೊಗೆ ಕಣ್ಣು ಉರಿಸುತ್ತಿತ್ತು ನಿಜ, ಆದರೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಪೇಟೆಯ ಮನೆಗಳ ತಾಮ್ರದ ಬಾಯ್ಲರಿನ ನಡುವೆಯೂ ಹೊಗೆ ಕೊಳವೆ ಇತ್ತು. ಶಿವನಸಮುದ್ರದ ವಿದ್ಯುತ್ 1905ರಲ್ಲೇ ಬೆಂಗಳೂರಿನ ದೀಪಗಳನ್ನು ಬೆಳಗಿದರೂ ಸ್ನಾನದ ನೀರು ಕಾಯಿಸುವ ಕೆಲಸ ಅದರ ಪಾಲಿಗೆ ಬಂದದ್ದು ಬಹಳ ತಡವಾಗಿ. ವಿದ್ಯುತ್ ಗೀಸರಿಗೆ ಗಾಳಿ ಬೇಡ, ಹೊಗೆಯೂ ಇಲ್ಲ. ಹೀಗಾಗಿ ಬಚ್ಚಲುಮನೆ ಕುಗ್ಗಿ ಐದಡಿ, ಆರಡಿಯ ಬಾತ್‌ರೂಮ್ ಆಯಿತು. ಕಿಂಡಿಗೆ ಗಾಜು ಬಂತು, ಬಾಗಿಲು ಬಿಗಿಯಾಯಿತು. ಈ ಮುಚ್ಚಿದ ಡಬ್ಬಿಯೊಳಗೆ ಗ್ಯಾಸ್ ಗೀಸರ್ ಮತ್ತೆ ಬೆಂಕಿ ತಂದಿಟ್ಟಿದೆ.

ತರಲು ಕಾರಣವೂ ಇತ್ತು. ಲೋಡ್‌ಶೆಡ್ಡಿಂಗ್ ಉಂಡ ನಾಡು ಇದು. ಗ್ಯಾಸ್ ಗೀಸರಿಗೆ ಕಿಡಿ ಹಾರಿಸಲು ಎರಡು ಟಾರ್ಚ್ ಸೆಲ್ಲು ಸಾಕು. ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೇ ಉರಿ ಹತ್ತಿಕೊಳ್ಳುತ್ತದೆ. ಇನ್ನು ಖರ್ಚಿನ ಲೆಕ್ಕ. 14.2 ಕಿಲೋ ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ. ಐದರಲ್ಲೊಂದು ಪಾಲು ಬಿಸಿಗಾಳಿಯಾಗಿ ಹೋದರೂ 145 ಯೂನಿಟ್‌ನಷ್ಟು ನೀರಿಗೆ ದಕ್ಕುತ್ತದೆ. 15 ಲೀಟರಿನ ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಬೇಕಾದದ್ದು 0.35 ಯೂನಿಟ್, ಅಂದರೆ ಸಿಲಿಂಡರಿಗೆ 400 ಬಕೆಟ್. ಸಿಲಿಂಡರಿನ ಬೆಲೆಯನ್ನು 145ರಿಂದ ಭಾಗಿಸಿದಾಗ ಬರುವ ಅಂಕಿ ಕರೆಂಟಿನ ಯೂನಿಟ್ ದರಕ್ಕಿಂತ ಕಡಿಮೆಯಿದ್ದರೆ ಗ್ಯಾಸ್ ಅಗ್ಗ, ಹೆಚ್ಚಿದ್ದರೆ ದುಬಾರಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು. 200 ಯೂನಿಟ್ ಮೀರದೆ, ತಮಗೆ ನಿಗದಿಯಾದ ಮಿತಿಯೊಳಗೇ ಇದ್ದು ಸೊನ್ನೆ ಬಿಲ್ಲು ಪಡೆಯುವ ಮನೆಯವರು ಗ್ಯಾಸಿಗೆ ಬದಲಾದರೆ ಅದು ಉಳಿತಾಯವಲ್ಲ, ಹೊಸ ಖರ್ಚು.

ಲೆಕ್ಕದಲ್ಲಿ ಯಾರೂ ಹಿಡಿಯದ ವಸ್ತು ಗಾಳಿ. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಹತ್ತು ನಿಮಿಷದಲ್ಲಿ ಎರಡು ಘನ ಮೀಟರ್ ಗಾಳಿಯ ಆಮ್ಲಜನಕವನ್ನು ನುಂಗುತ್ತದೆ. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿ ಇರುವುದೇ ಏಳು ಘನ ಮೀಟರಿಗಿಂತ ಕಡಿಮೆ. ಮನೆಯ ಎರಡನೆಯವರು ಸ್ನಾನಕ್ಕೆ ಇಳಿಯುವ ಹೊತ್ತಿಗೆ ಉರಿಗೂ ಉಸಿರಿಗೂ ಪೈಪೋಟಿ. ಆಮ್ಲಜನಕ ಸಾಲದ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಚಿಲಕಕ್ಕೆ ಕೈ ಹೋಗುವಷ್ಟರಲ್ಲಿ ಪ್ರಜ್ಞೆಯೇ ತಪ್ಪಬಹುದು. ಬೆಂಗಳೂರಿನಲ್ಲಿ ಇಂಥ ಸಾವುಗಳು ಮತ್ತೆ ಮತ್ತೆ ವರದಿಯಾಗಿವೆ. ‘ಗ್ಯಾಸ್ ಸೋರಿಕೆ’ ಎಂಬ ತಲೆಬರಹ ಬರುವುದುಂಟು. ಆದರೆ ಇಲ್ಲಿ ಅನಿಲ ಸೋರಬೇಕಿಲ್ಲ, ಉರಿದರೆ ಸಾಕು. ಸೋರಿದ್ದರೆ ವಾಸನೆಯಾದರೂ ಎಚ್ಚರಿಸುತ್ತಿತ್ತು. ಆ ವಾಸನೆ ಗೊತ್ತಾಗಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ.

ಕೈಯಲ್ಲಿ ಕಾಸು ಕಡಿಮೆಯಿದ್ದಾಗ ವಿದ್ಯುತ್ ಗೀಸರಿದ್ದ ಜಾಗದಲ್ಲೇ, ಅದೇ ಪೈಪುಗಳಿಗೆ ಗ್ಯಾಸ್ ಗೀಸರ್ ಜೋಡಿಸಿ ಕೈತೊಳೆದುಕೊಳ್ಳುವುದೇ ರೂಢಿ. ಅದನ್ನು ಬಾಲ್ಕನಿಯಲ್ಲೋ ಹಿತ್ತಲ ಗೋಡೆಯ ಮೇಲೋ, ಮಳೆ ಬೀಳದ ಕಡೆ ಹಾಕಿ ಬಿಸಿನೀರನ್ನು ಮಾತ್ರ ಒಳಗೆ ತಂದರೆ ಹೆಚ್ಚಾಗುವುದು ಕೆಲವು ಅಡಿ ಪೈಪು, ಒಂದಿಷ್ಟು ಕೂಲಿ. ಪೈಪು ಬಿಸಿನೀರು ತಡೆಯುವ ಸಿಪಿವಿಸಿಯದ್ದೇ ಆಗಬೇಕು. ಸಾದಾ ಪಿವಿಸಿ ಮೆತ್ತಗಾಗುತ್ತದೆ. ಗೀಸರಿಗೆ ಐಎಸ್‌ಐ ಗುರುತು ಇರಲಿ. ಮೇಲಿನ ತೊಟ್ಟಿ ತೀರ ತಗ್ಗಿನಲ್ಲಿದ್ದರೆ ಒತ್ತಡ ಸಾಲದೆ ಉರಿ ಹತ್ತುವುದೇ ಇಲ್ಲ. ಇದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಎಗ್ಸಾಸ್ಟ್ ಫ್ಯಾನ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಕರೆಂಟು ಹೋದಾಗ ಬೇಕೆಂದು ತಂದ ಗೀಸರಿಗೆ ಕರೆಂಟಿನ ಫ್ಯಾನು ಕಾವಲು! ಹೊರಗೆ ಜಾಗವೇ ಇಲ್ಲದ ಮನೆಯವರು ವಿದ್ಯುತ್ತಿನಲ್ಲೇ ಉಳಿಯುವುದು ಲೇಸು.

ಕೊಳವೆಯಲ್ಲಿ ನೈಸರ್ಗಿಕ ಅನಿಲ ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ಸಿಲಿಂಡರ್ ಹೊರುವ ತಾಪತ್ರಯವಿಲ್ಲ. ಆದರೆ ಸಿಲಿಂಡರಿನ ಗೀಸರನ್ನು ಅದಕ್ಕೆ ಹಾಗೇ ಜೋಡಿಸುವಂತಿಲ್ಲ. ಅದಕ್ಕೆ ತಕ್ಕ ಜೆಟ್ ಹಾಕಿಸಬೇಕು. ಎರಡರ ಸ್ವಭಾವವೂ ಬೇರೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ತಂಗುತ್ತದೆ. ಕೊಳವೆಯ ಅನಿಲ ಹಗುರ, ಸೂರಿಗೆ ಏರುತ್ತದೆ. ಮೊದಲಿನದಕ್ಕೆ ಕಿಂಡಿ ನೆಲದ ಹತ್ತಿರ ಬೇಕು, ಎರಡನೆಯದಕ್ಕೆ ಮೇಲೆ.