ಬೇಗ ಸಿದ್ಧವಾಗುವ ರಾತ್ರಿಯೂಟ

ಕಳೆ ತೆಗೆಯುವ ದಿನಗಳಲ್ಲಿ ರೈತ ಮಹಿಳೆ ಹೊಲದಿಂದ ಮನೆ ಸೇರುವಾಗ ಕತ್ತಲಾಗಿರುತ್ತದೆ. ಒಣ ಹುರುಳಿ ಬೇಯುವಷ್ಟರಲ್ಲಿ ಮಕ್ಕಳು ಉಣ್ಣದೆಯೇ ಮಲಗಿಬಿಡುತ್ತಾರೆ. ಹಿಂದಿನ ದಿನವೇ ಕಾಳನ್ನು ಮೊಳಕೆಗೆ ಇಡುವುದು ಇದಕ್ಕೆ ಸುಲಭ ಉಪಾಯ.

ಐದು ಜನರ ಮನೆಗೆ 250 ಗ್ರಾಂ ಹುರುಳಿ ಅಥವಾ ಹೆಸರುಕಾಳನ್ನು ತೊಳೆದು ಬೆಳಿಗ್ಗೆ ನೆನೆಹಾಕಿರಿ. ರಾತ್ರಿ ನೀರು ಬಸಿದು, ಶುಚಿಯಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿರಿ. ಬಟ್ಟೆ ಒಣಗದಂತೆ ನೀರು ಚಿಮುಕಿಸಿರಿ. ಮರುದಿನ ಸಂಜೆಗೆ ಮೊಳಕೆ ಒಡೆದಿರುತ್ತದೆ. ಕಾಳು ಮೊದಲೇ ನೀರು ಹೀರಿರುವುದರಿಂದ ಬೇಗ ಬೇಯುತ್ತದೆ, ಸೌದೆಯೂ ಉಳಿಯುತ್ತದೆ.

ಮೊಳಕೆಯಲ್ಲಿ ಹೆಚ್ಚುವ ‘ಸಿ’ ಜೀವಸತ್ವ ಕುದಿಯುವಾಗ ನಷ್ಟವಾಗುತ್ತದೆ. ಆದ್ದರಿಂದ ಸಾರು ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ಕಾಳು ಹಾಗೂ ರಾಗಿಮುದ್ದೆಯಲ್ಲಿನ ಕಬ್ಬಿಣಾಂಶ ಮೈಗೆ ಹತ್ತಲು ಅದು ನೆರವಾಗುತ್ತದೆ. ಲೋಳೆ ಬಂದ, ಹುಳಿವಾಸನೆಯ ಕಾಳನ್ನು ಬಳಸಬೇಡಿರಿ.