ಮನೆಯ ಕಲ್ಲು

ಕದಲದ ಮಾತನ್ನು ಶಿಲಾಶಾಸನವೆನ್ನುತ್ತೇವೆ. ಕರಗದ ಮನಸ್ಸನ್ನು ಕಲ್ಲೆನ್ನುತ್ತೇವೆ. ಆದರೆ ಮನೆಯ ನೆಲಕ್ಕೆ ಹಾಸಿದ ಕಲ್ಲು ಒಂದು ನಿಂಬೆಯ ಹೋಳಿಗೆ ಸೋಲಬಲ್ಲುದೆಂಬುದು ಅನೇಕರಿಗೆ ತಿಳಿಯದು.

ನಮ್ಮ ತಂದೆಯವರು ಕಟ್ಟಿಸಿದ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲವಿತ್ತು. ಹಲವು ವರ್ಷಗಳ ಓಡಾಟದಿಂದ ಅದು ನುಣುಪೇರಿ ಹೊಳೆಯುತ್ತಿತ್ತು. ಒಂದು ಹಬ್ಬದ ಮುನ್ನಾದಿನ, ಕಲೆಗಳನ್ನು ತೆಗೆಯಲೆಂದು ನಾನು ಅದರ ಮೇಲೆ ಆಸಿಡ್ ಸುರಿದೆ. ಬುರಬುರನೆ ನೊರೆಯೆದ್ದಿತು. ಕೊಳೆ ಕರಗುತ್ತಿದೆಯೆಂದು ಹಿಗ್ಗಿದೆ. ಕರಗುತ್ತಿದ್ದುದು ಕಲ್ಲೇ ಆಗಿತ್ತು! ನೆಲ ಒಣಗಿದಾಗ ಹೊಳಪು ಅಳಿದು ಒರಟು ಮೈ ಉಳಿಯಿತು. ತಂದೆಯವರು ಬಾಗಿ ಅದನ್ನೊಮ್ಮೆ ಕೈಯಿಂದ ಸವರಿದರು, ಏನೂ ಅನ್ನಲಿಲ್ಲ.

ಹೀಗಾದುದೇಕೆ? ಕಲ್ಲಿನ ಹುಟ್ಟಿನಲ್ಲಿಯೇ ಇದಕ್ಕೆ ಉತ್ತರವಿದೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ನೀರಿನ ತಳದಲ್ಲಿ ಪದರಪದರವಾಗಿ ಕೂಡಿ ಗಟ್ಟಿಯಾದುದು. ಸುಣ್ಣಕಲ್ಲು ಭೂಗರ್ಭದ ಶಾಖ, ಒತ್ತಡಗಳಿಂದ ಮಾರ್ಪಟ್ಟರೆ ಅಮೃತಶಿಲೆಯಾಗುತ್ತದೆ. ತಾಜಮಹಲಿಗೆ ಬಳಸಿದ ಮಕ್ರಾಣದ ಶಿಲೆ ಇಂಥದು. ಇವೆರಡರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ತಾಗಿದರೆ ಅದು ಕರಗಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಬಿಡುತ್ತದೆ. ನಾನು ಕಂಡ ನೊರೆ ಅದೇ. ನಿಂಬೆರಸ, ಹುಣಸೆಹುಳಿ, ಮೊಸರು ಇವು ಮೆಲ್ಲಗೆ ಮಾಡುವ ಹಾನಿಯೂ ಅದೇ.

ಅಡುಗೆಮನೆಯ ಕಟ್ಟೆಗೆ ಹಾಸುವ ಗ್ರಾನೈಟಿನ ಕುಲ ಬೇರೆ. ಅದು ಭೂಮಿಯ ಆಳದಲ್ಲಿ ಶಿಲಾರಸ ನಿಧಾನವಾಗಿ ತಣಿದು ಆದುದು. ಬೆಣಚು, ಫೆಲ್ಡ್‌ಸ್ಪಾರ್‌ಗಳಿಂದ ಕೂಡಿದ ಅದು ಹುಳಿಗೆ ಸುಲಭವಾಗಿ ಜಗ್ಗದು. ಆದರೆ ಅದರಲ್ಲಿಯೂ ಸೂಕ್ಷ್ಮರಂಧ್ರಗಳುಂಟು. ಚೆಲ್ಲಿದ ಎಣ್ಣೆಯನ್ನು ಬೇಗ ಒರೆಸದಿದ್ದರೆ ಅದು ಒಳಗಿಳಿದು ಕಲೆಯಾಗಿ ನಿಲ್ಲುತ್ತದೆ.

ನೆಲದ ಇನ್ನೊಂದು ಶತ್ರು ಮರಳು. ಜರ್ಮನ್ ಖನಿಜವಿಜ್ಞಾನಿ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪಕದಲ್ಲಿ ಮರಳಿನಲ್ಲಿರುವ ಬೆಣಚಿನ ಸ್ಥಾನ 7. ಸುಣ್ಣಕಲ್ಲಿನ ಕ್ಯಾಲ್ಸೈಟಿನದು 3. ಆದುದರಿಂದ ಕಾಲಿಗಂಟಿ ಬಂದ ಮರಳು ತುಳಿದಂತೆಲ್ಲ ನೆಲವನ್ನು ಗೀರುತ್ತದೆ. ತೇವವೂ ಶತ್ರುವೇ. ಮಣ್ಣಿನಿಂದ ಮೇಲೇರುವ ನೀರು ತನ್ನೊಡನೆ ಲವಣಗಳನ್ನು ತರುತ್ತದೆ. ನೀರು ಆರಿದಾಗ ಆ ಲವಣಗಳು ಹರಳುಗಟ್ಟಿ ಕಲ್ಲಿನ ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತವೆ.

ಇವುಗಳಿಂದ ಕಲ್ಲನ್ನು ಕಾಯಲು ದೊಡ್ಡ ಸಾಧನಗಳೇನೂ ಬೇಡ. ಕಾಲು ತೊಳೆದು ಒಳಬರುವುದು, ದಿನವೂ ಗುಡಿಸುವುದು, ಚೆಲ್ಲಿದುದನ್ನು ಆಗಲೇ ಒರೆಸುವುದು, ತೊಳೆದ ನೆಲವನ್ನು ಒಣಗಿಸುವುದು, ಇಷ್ಟೇ ಸಾಕು. ಯುಗಯುಗಗಳಲ್ಲಿ ರೂಪುಗೊಂಡ ಕಲ್ಲನ್ನು ನಾನು ಅರೆಗಳಿಗೆಯಲ್ಲಿ ಕೆಡಿಸಿದೆ. ನಿಮ್ಮ ಮನೆಯ ಕಲ್ಲು ಯಾವ ಕುಲದ್ದೆಂದು ಮೊದಲು ತಿಳಿಯಿರಿ, ಆಮೇಲೆ ತೊಳೆಯಿರಿ.